ಚೀಲಕ್ಕೆ ಎರಡೇ ಉಜ್ಜುಗೊರಡು

ನಮ್ಮ ಚಿಕ್ಕಪ್ಪ ಬಡಗಿ. ಅಂಗಡಿಯಲ್ಲಿ ಕೂರಿಸಿದರೆ ಅವನಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಮನೆಮನೆಗೆ ಹೋಗಿ, ಮುಚ್ಚಲೊಲ್ಲದ ಬಾಗಿಲು ಹೆರೆದು, ಆ ಮನೆಯ ಸುದ್ದಿಯನ್ನೂ ಹೊತ್ತು ತಂದರೇನೇ ಉಂಡದ್ದು ಅರಗುವುದು. ಭಾವನ, ಅಂದರೆ ಚಿಕ್ಕಮ್ಮನ ಅಣ್ಣನ, ಮನೆಯೊಂದಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಯಾವುದೋ ಮಂಚದ ವಿಷಯಕ್ಕೆ ಜಗಳವಾಗಿ ಆರು ವರ್ಷದಿಂದ ಮಾತಿಲ್ಲ. ಅವನ ಹಟಕ್ಕೆ ಕಟ್ಟುಬಿದ್ದು ಚಿಕ್ಕಮ್ಮನೂ ತವರಿನ ಹೊಸಿಲು ತುಳಿದಿರಲಿಲ್ಲ.

ಯಾವ ಬಾಗಿಲಿಗೆ ಯಾವುದು ಬೇಕಾದೀತೋ ಎಂದು ಚೀಲದಲ್ಲಿ ಮರ ಹೆರೆಯುವ ಒಂಬತ್ತು ಉಜ್ಜುಗೊರಡು ಹೊರುತ್ತಿದ್ದ. ಕೊನೆಗೆ ಹೆಗಲು ಹಿಡಿದುಕೊಂಡಿತು.

"ಇನ್ಮೇಲೆ ಚೀಲಕ್ಕೆ ಎರಡೇ," ಎಂದಳು ಚಿಕ್ಕಮ್ಮ. "ಮೂರನೇದು ಕಂಡ್ರೆ ನೀವು ಅಂಗಡಿ ಬಿಟ್ಟು ಅಲ್ಲಾಡೋ ಹಾಗಿಲ್ಲ."

ಮೂರು ದಿನ ಆರಿಸಿದ. "ನನ್ನನ್ನ ಒಪ್ಪೋಕೆ ಅರ್ಧ ಗಂಟೆ ಸಾಕಾಗಿತ್ತು," ಎಂದು ಚಿಕ್ಕಮ್ಮ ಗೊಣಗಿದಳು. ಕೊನೆಗೆ ಮೂಲೆಗಳಿಗೆಂದು ಅಂಗೈಯಗಲದ್ದು, ಉಳಿದದ್ದಕ್ಕೆಲ್ಲ ಗೇಣುದ್ದದ್ದು ಎಂದಾಯಿತು. ಬಾಗಿಲಿನ ಅಂಚು ನೇರವಾಗಲು ನಿಜಕ್ಕೂ ಮೊಳದುದ್ದದ್ದೇ ಬೇಕು, ಆದರೆ ಹೆಗಲಿಗೆ ಅದು ಭಾರ. ಗಿಡ್ಡದ್ದು ಮರದ ಉಬ್ಬುತಗ್ಗಿನ ಜೊತೆಗೇ ಏರಿಳಿಯುತ್ತದೆ. ತನ್ನ ಅಪ್ಪನ ಕಾಲದ ಆ ಉದ್ದದ್ದನ್ನು ಕಪಾಟಿಗೆ ಸೇರಿಸುವಾಗ ಅವನ ಮುಖ ನೋಡಿ ನನಗೆ ಪಾಪ ಎನ್ನಿಸಿತು.

ಪಾಪ ಅಂದುಕೊಂಡದ್ದೇ ದಂಡ. ಮೂರು ತಿಂಗಳಲ್ಲಿ ಕಪಾಟು ಖಾಲಿ. ಪುಣ್ಯಾತ್ಮ ಒಂದೊಂದನ್ನೇ ಕಂಕುಳಲ್ಲಿಟ್ಟು ಒಯ್ದು, ಬೀದಿಗೊಂದರಂತೆ ಗುರುತಿನ ಮನೆಗಳಲ್ಲಿ ಇಟ್ಟುಬಂದಿದ್ದ. ಆ ಕಡೆ ಕೆಲಸ ಬಿದ್ದಾಗ ಅಲ್ಲೇ ಎತ್ತಿಕೊಳ್ಳುತ್ತಿದ್ದ. ಚೀಲದಲ್ಲಿ ಯಾವತ್ತೂ ಎರಡೇ.

ಒಂದು ದಿನ ನಮ್ಮ ಅಡುಗೆಮನೆಯ ಬಾಗಿಲೇ ಉಬ್ಬಿಕೊಂಡಿತು.

"ಉದ್ದದ್ದು ತನ್ನಿ," ಎಂದಳು ಚಿಕ್ಕಮ್ಮ.

"ಸಾಣೆಗೆ ಕೊಟ್ಟಿದ್ದೀನಿ."

"ಕಪಾಟಲ್ಲಿದ್ದ ಏಳೂ?"

ಚಿಕ್ಕಪ್ಪ ಬಾಯಿಬಿಟ್ಟ. ಬೆರಳು ಮಡಚುತ್ತ ಆರು ಮನೆಗಳನ್ನು ಹೇಳಿದ. ಏಳನೆಯದಕ್ಕೆ ಬಂದಾಗ ಕೆಮ್ಮು ಬಂತು.

"ಉದ್ದದ್ದು ನಮ್ಮಣ್ಣನ ಮನೇಲಿದೆ," ಎಂದಳು ಚಿಕ್ಕಮ್ಮ. "ಅತ್ತಿಗೆ ಫೋನ್ ಮಾಡಿ ಎಲ್ಲ ಹೇಳಿದ್ರು."

ಚಿಕ್ಕಪ್ಪ ನೆಲ ನೋಡಿದ. "ಹಾಗಾದ್ರೆ ನನಗಿನ್ನು ಅಂಗಡಿನೇ ಗತಿ."

"ಚೀಲದಲ್ಲಿ ಎರಡೇ ಇದೆಯಲ್ಲ, ಓಡಾಡ್ಕೊಳ್ಳಿ." ಅವಳು ಚಪ್ಪಲಿ ಮೆಟ್ಟಿದಳು. "ಈಗ ನಡೀರಿ, ಉದ್ದದ್ದು ತರೋಣ. ನಿಮ್ಮ ಹಟ ಕಾಯ್ಕೊಂಡು ನಾನಿಲ್ಲಿ ಕೂತಿದ್ದೆ, ನೀವು ನೋಡಿದ್ರೆ ಅಲ್ಲಿ ನಮ್ಮಣ್ಣನ ಜೊತೆ ಕಾಫಿ ಕುಡೀತಿದ್ರಿ."