ಟ್ಯಾಬ್‌ನಲ್ಲಿದ್ದ ಅವ್ವ

ನಮ್ಮ ಹಿರಿಯ ಟೀಚರ್ ಅವರ ಬಲಗೈ ತೋರುಬೆರಳಿನ ತುದಿ ಸೀಮೆಸುಣ್ಣ ಹಿಡಿದು ಹಿಡಿದು ಬಿರುಕು ಬಿಟ್ಟಿತ್ತು. ಟ್ಯಾಬ್ ಪರದೆಯ ಮೇಲೆ ಆ ಬೆರಳಿಟ್ಟರೆ ಎಷ್ಟೋ ಸಲ ಗೆರೆಯೇ ಮೂಡುತ್ತಿರಲಿಲ್ಲ. ಆಗ ಬೆರಳನ್ನು ಸೆರಗಿಗೆ ಒರೆಸಿ, ಉಫ್ ಎಂದು ಊದಿ, "ಇನ್ನೊಂದ್ಸಲ ನೋಡಪ್ಪಾ" ಎಂದು ಪರದೆಯನ್ನೇ ಓಲೈಸುತ್ತಿದ್ದರು. ಮಕ್ಕಳು ನಗುತ್ತಿದ್ದರು. ಅವರೂ ನಗುತ್ತಿದ್ದರು.

ನಗರದಂಚಿನಲ್ಲಿ, ಬ್ಯಾಡರಹಳ್ಳಿಯ ಆಚೆಗಿನ ಸಣ್ಣ ಸರ್ಕಾರಿ ಶಾಲೆ ನಮ್ಮದು. ನಾನು ಕೆಲಸಕ್ಕೆ ಸೇರಿದಾಗ ಅವರ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಯಾರೋ ಪುಣ್ಯಾತ್ಮರು ಶಾಲೆಗೆ ಒಂದು ಟ್ಯಾಬ್ ಕೊಟ್ಟಿದ್ದರು. ಬೆರಳಲ್ಲೇ ಚಿತ್ರ ಬರೆದು, ಬಣ್ಣ ತುಂಬಿ, ಜೊತೆಗೆ ನಮ್ಮ ದನಿಯನ್ನೂ ಸೇರಿಸಬಹುದಾದ ಆ್ಯಪ್ ಒಂದು ಅದರಲ್ಲಿತ್ತು. ಒಡೆದರೆ ಯಾರು ಜವಾಬ್ದಾರಿ ಎಂದು ನಾವೆಲ್ಲ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆವು. ಅವರು ವಿಜಯನಗರದಿಂದ ಬರುವ ಬಸ್ಸಿನಲ್ಲಿ, ತಮ್ಮ ಮೊಬೈಲಿನಲ್ಲೇ ಆ ಆ್ಯಪ್ ಕಲಿತುಕೊಂಡರು. ಬೀಗ ತೆಗೆಸಿ, ಓದು ಬಾರದ ಮಕ್ಕಳನ್ನು ಸುತ್ತ ಕೂರಿಸಿಕೊಂಡರು. ಮಗು ಚಿತ್ರ ಬರೆಯಬೇಕು, ಅದರ ಬಗ್ಗೆ ಒಂದು ಮಾತು ಹೇಳಬೇಕು. ಅದೇ ಮಾತನ್ನು ಇವರು ಚಿತ್ರದ ಕೆಳಗೆ ಬರೆದುಕೊಡುವರು. ಆಮೇಲೆ ತನ್ನ ದನಿ ಕೇಳಿಸಿಕೊಳ್ಳುತ್ತಾ ಮಗು ಅಕ್ಷರಗಳ ಮೇಲೆ ಬೆರಳಾಡಿಸಿ ಓದುವುದು.

ನಾನು ಸೇರಿದ ಎರಡನೇ ವರ್ಷ ಮೂರನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ತಂದೆ ಉತ್ತರ ಕರ್ನಾಟಕದಿಂದ ಗಾರೆ ಕೆಲಸಕ್ಕೆ ಬಂದವನು. ತಾಯಿ ಊರಲ್ಲೇ ತೀರಿಕೊಂಡಿದ್ದಳು. ಪುಸ್ತಕ ತೆರೆದರೆ ಸಾಕು, ಬಾಯಿ ಮುಚ್ಚಿಬಿಡುವಳು. ಒಂದು ದಿನ ಒಲೆಯ ಮುಂದೆ ಕೂತ ಹೆಂಗಸಿನ ಚಿತ್ರ ಬರೆದು ಪಿಸುಗುಟ್ಟಿದಳು: "ನಮ್ಮವ್ವ ರೊಟ್ಟಿ ಬಡ್ಯಾಕತ್ತಾಳ." ಟೀಚರ್ ಅಕ್ಷರ ಬಿಡದೆ ಅದನ್ನೇ ಬರೆದರು.

"ಮೇಡಂ, 'ಬಡಿಯುತ್ತಿದ್ದಾಳೆ' ಅಂತ ಆಗ್ಬೇಕಲ್ವಾ?" ಎಂದೆ.

"ಮೊದ್ಲು ಅವಳ ಮಾತು ಅವಳಿಗೆ ಓದಕ್ಕೆ ಬರ್ಲಿ ಕಣಮ್ಮ. ಪುಸ್ತಕದ ಮಾತು ಎಲ್ಲೂ ಓಡಿಹೋಗಲ್ಲ."

ಹುಡುಗಿ ಓದಿದಳು. ಮತ್ತೆ ಮತ್ತೆ ಓದಿದಳು. ಆಮೇಲೆ ದಿನಾ ಬೆಳಿಗ್ಗೆ ಬಂದವಳೇ ಮೊದಲು ಅದನ್ನು ಓದಬೇಕು. ದೀಪಾವಳಿ ಕಳೆಯುವ ಹೊತ್ತಿಗೆ ಪಾಠದ ಪುಸ್ತಕವನ್ನೂ ತಡವರಿಸಿಕೊಂಡು ಓದತೊಡಗಿದ್ದಳು.

ಫೆಬ್ರವರಿಯಲ್ಲಿ ಮಕ್ಕಳ ವಿವರ ತುಂಬಲು ಬೇರೊಂದು ಆ್ಯಪ್ ಹಾಕಬೇಕಾಯಿತು. ಟ್ಯಾಬ್‌ನಲ್ಲಿ ಜಾಗವಿರಲಿಲ್ಲ. ಯಾರನ್ನೂ ಕೇಳದೆ ನಾನು ಚಿತ್ರಗಳನ್ನೆಲ್ಲ ಅಳಿಸಿಬಿಟ್ಟೆ. ಬೇರೆಲ್ಲೋ ಉಳಿದಿರುತ್ತವೆ ಎಂದುಕೊಂಡಿದ್ದೆ. ಉಳಿದಿರಲಿಲ್ಲ.

ಮರುದಿನ ಹುಡುಗಿ ಟ್ಯಾಬ್ ಹಿಡಿದು ಬಂದು, "ಅವ್ವ ಎಲ್ಲಿ ಹ್ವಾದ್ಲರಿ?" ಎಂದಳು. ನಾನು ನೆಲ ನೋಡಿದೆ. ಟೀಚರ್ ಒಂದು ಕ್ಷಣ ನನ್ನ ಮುಖ ನೋಡಿದರು.

"ನಾನೇ ಅಳಿಸ್ಬಿಟ್ಟೆ ಪುಟ್ಟಾ, ಗೊತ್ತಾಗ್ಲಿಲ್ಲ," ಎಂದರು ಅವರು. "ಬಾ, ಇನ್ನೊಂದು ಬರಿಯೋಣ."

"ಹಂಗ ಮತ್ತ ಬರಾಂಗಿಲ್ರಿ," ಎಂದವಳು ಟ್ಯಾಬನ್ನು ಅವರ ಮಡಿಲಲ್ಲಿಟ್ಟು ಹೊರಟುಹೋದಳು. ಅಂದಿನಿಂದ ಅವರ ಪಕ್ಕ ಕೂರಲಿಲ್ಲ. ಕರೆದರೆ ಮುಖ ತಿರುಗಿಸುವಳು. ಓದುವುದಿದ್ದರೆ ನನ್ನ ಬಳಿ ಬರುವಳು.

ಸ್ಟಾಫ್ ರೂಮಿನಲ್ಲಿ ಅಳುತ್ತಾ, "ನಾನೇ ನಿಜ ಹೇಳ್ಬಿಡ್ತೀನಿ ಮೇಡಂ" ಎಂದೆ.

"ಬೇಡ. ನಾನು ಇವತ್ತೋ ನಾಳೆಯೋ ರಿಟೈರ್ ಆಗೋಳು. ಮುಂದೆ ಅವಳು ಓದ್ಬೇಕಾಗಿರೋದು ನಿನ್ನ ಹತ್ರ. ನನ್ಮೇಲಿನ ಕೋಪ ಬೇಸಿಗೆ ರಜೆ ಮುಗಿಯೋದ್ರಲ್ಲಿ ಇಳಿಯುತ್ತೆ, ಬಿಡು."

ನಾನು ಬಿಟ್ಟೆ. ಅವರು ಬೇಡವೆಂದಿದ್ದು ನನಗೆ ಅನುಕೂಲವೇ ಆಗಿತ್ತು. ಹುಡುಗಿ ಅವರನ್ನು ದಾಟಿ ನನ್ನ ಬಳಿಗೆ ಬಂದಾಗಲೆಲ್ಲ ಅವರು ತಲೆ ತಗ್ಗಿಸಿ ಹಾಜರಿ ಪುಸ್ತಕ ತಿರುವುತ್ತಿದ್ದುದನ್ನು ನೋಡಿಯೂ ಬಾಯಿ ಬಿಡಲಿಲ್ಲ.

ಮೇ ತಿಂಗಳಲ್ಲಿ, ರಜೆಯ ನಡುವೆ, ಅವರು ಹೃದಯಾಘಾತದಿಂದ ಹೋಗಿಬಿಟ್ಟರು. ಅಂತ್ಯಕ್ರಿಯೆಗೆ ಶಾಲೆಯ ಮಕ್ಕಳು ಯಾರೂ ಬಂದಿರಲಿಲ್ಲ. ರಜೆಯಲ್ಲಿ ಮಕ್ಕಳಿಗೆ ಸುದ್ದಿ ಮುಟ್ಟಿಸುವವರಾದರೂ ಯಾರು?

ಶಾಲೆ ಶುರುವಾದ ದಿನ ಹುಡುಗಿಯನ್ನು ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಟೀಚರ್ ಇನ್ನಿಲ್ಲವೆಂದು ಹೇಳಿದೆ. ಅಳಿಸಿದ್ದು ನಾನೆಂದೂ ಹೇಳಿದೆ. ಬೈಯಲಿ ಎಂದು ಕಾದೆ. ಅವಳು ಲಂಗದ ಅಂಚು ಹಿಂಡತೊಡಗಿದಳು.

"ನಾ ಅವ್ರ ಜೋಡಿ ಮಾತ ಬಿಟ್ಟಿದ್ನಲ್ರೀ," ಎಂದಳು. "ನಂಗ ಸಿಟ್ಟಿಲ್ಲಂತ ಅವ್ರಿಗೆ ಈಗ ಯಾರ್ ಹೇಳ್ತಾರ್ರೀ?"