ಹಕ್ಕಿಯ ನೇರಳೆ ಅಂಚು

ಬೆಳಿಗ್ಗೆ ಹೊಸ ಸೀರೆಯನ್ನು ಉಪ್ಪುನೀರಿಗೆ ಹಾಕಿದೆ. ಬಕೆಟ್ಟೆಲ್ಲ ನೇರಳೆಯಾಯಿತು. ಅಂಗಡಿಯವನನ್ನು ಬೈದು ಮುಗಿಸುವಷ್ಟರಲ್ಲಿ ನನ್ನದೇ ಒಂದು ಪೆದ್ದತನ ನೆನಪಾಗಿ ನಗು ಬಂತು. ನೀವೂ ನಗಿ, ಅಡ್ಡಿಯಿಲ್ಲ.

ಮೊಮ್ಮಗಳು ರೇಣುಕಾ ಮೊಳದುದ್ದ ಲೆನ್ಸಿನ ಹಳೆಯ ಕ್ಯಾಮೆರಾ ಹಿಡಿದು ಗುಂಜಿಯ ಕಾಡಂಚಿನಲ್ಲಿ ಅಲೆಯುತ್ತಿದ್ದ ದಿನಗಳವು. ಅವಳು ತೆಗೆದ ಮಂಗಟ್ಟೆ ಹಕ್ಕಿಯ ಫೋಟೊವನ್ನು ಕ್ಯಾಲೆಂಡರಿನವರು ವಾಪಸ್ ಕಳಿಸಿದ್ದರು. ಕಪ್ಪು ರೆಕ್ಕೆಯ ಸುತ್ತ ನೇರಳೆ ಗೆರೆ. ಇನ್ನೊಂದು ಕೊಡಲು ಸೋಮವಾರದವರೆಗೆ ಅವಕಾಶವಿತ್ತು. "ಅದೂ ವಾಪಸ್ ಬಂತಂದ್ರ ಕ್ಯಾಮೆರಾ ಮಾರಿ ಸುಮ್ನ ಕುಂದ್ರು," ಎಂದಿದ್ದ ಅವಳಪ್ಪ, ಅಂದರೆ ನನ್ನ ಮಗ.

ನಾನು ಓದಿದ್ದು ಎರಡನೇ ಇಯತ್ತೆ. ಆದರೆ ಬೆಳಗಾವಿಯ ಶಹಾಪುರದ ಮಗ್ಗದ ಮನೆಯಲ್ಲಿ ಬೆಳೆದವಳು. ಬಣ್ಣದ ವಿಷಯದಲ್ಲಿ ಯಾರ ಮಾತೂ ಕೇಳುವುದಿಲ್ಲ. ಫೋಟೊ ಅಚ್ಚು ಹಾಕಿದವನು ಕಚ್ಚಾ ಬಣ್ಣ ಬಳಸಿದ್ದಾನೆಂದು ತೀರ್ಮಾನಿಸಿ, ಅದನ್ನೂ ಉಪ್ಪುನೀರಿಗೆ ಅದ್ದಿದೆ.

"ಆಯೀ! ಏನ್ ಮಾಡಾಕತ್ತಿ? ಅದೇನ್ ಸೀರಿ ಅಂತ ತಿಳಕೊಂಡಿಯೇನ?"

"ಒದರಬ್ಯಾಡ. ಬಣ್ಣ ಬಿಟ್ಟಿಲ್ಲ ನೋಡು. ಅಚ್ಚಿನಾಂವಂದ ತಪ್ಪಲ್ಲ."

"ತಪ್ಪು ಲೆನ್ಸಿಂದು. ಎಲ್ಲಾ ಬಣ್ಣಾನೂ ಒಂದ ಜಾಗಾಕ್ಕ ತಂದು ಕೂಡ್ಸಾಕ ಬರೂದಿಲ್ಲ ಅದಕ್ಕ. ಚಲೋ ಲೆನ್ಸ್ ನನ್ನ ಕೈಗೆ ಎಟಕೂದಿಲ್ಲ, ಆಯಿ."

ಒದ್ದೆ ಫೋಟೊ ಒರೆಸುತ್ತ ಬೆರಳಿಟ್ಟು ನೋಡಿದೆ. ಬಿಳಿ ಆಕಾಶಕ್ಕೆ ತಾಗಿದ ರೆಕ್ಕೆಗೆ ಗೆರೆ ಇತ್ತು. ಎಲೆಗಳ ಮುಂದಿದ್ದ ಬಾಲಕ್ಕೆ ಇರಲಿಲ್ಲ.

"ಹಕ್ಕೀನ ಮುಗಲಿಗೆ ಹಿಡದು ಯಾಕ ತೆಗಿತಿ? ಎಲಿ ಮುಂದ ಕುಂತಾಗ ತೆಗಿ."

"ನಾ ಹೇಳಿದಲ್ಲೆ ಕುಂದ್ರಾಕ ಅದೇನ್ ನಮ್ಮಪ್ಪನ?"

"ನಿಮ್ಮಪ್ಪ ಯಾವಾಗ ಕುಂತಾನ ಹೇಳಿದಲ್ಲೆ? ಕಾಯಬೇಕು."

ಭಾನುವಾರ ಬೆಳಗಾವಿಯಿಂದ ರೈಲು ಹತ್ತಿ ನಾನೂ ಅವಳ ಜೊತೆ ಗುಂಜಿಗೆ ಹೋದೆ. ಮೂರು ತಾಸು ಆ ಹಕ್ಕಿ ಬಂದದ್ದೆಲ್ಲ ಒಣ ಕೊಂಬೆಗೇ, ಹಿಂದೆ ಸುಡುವ ಬಿಳಿ ಆಕಾಶ. ರೇಣುಕಾಳ ಬೆರಳು ಗುಂಡಿಯ ಮೇಲೆ ಚಡಪಡಿಸಿತು. ನಾನು ಅವಳ ಮಣಿಕಟ್ಟು ಹಿಡಿದೇ ಕೂತೆ. ಕಡೆಗೆ ಹಕ್ಕಿ ಹಸಿದು ಆಲದ ಹಣ್ಣಿಗೆ ಇಳಿಯಿತು. ಹಿಂದೆ ಬರೀ ಹಸಿರು. ಕೈ ಬಿಟ್ಟೆ, ಅವಳು ಒತ್ತಿದಳು. ಆಮೇಲೆ ದೊಡ್ಡದು ಮಾಡಿ ತೋರಿಸಿದಳು. ರೆಕ್ಕೆಯ ಕಪ್ಪು ಕಪ್ಪಾಗಿಯೇ ಮುಗಿದಿತ್ತು, ನೇರಳೆ ಗೆರೆ ಇರಲಿಲ್ಲ.

ಕ್ಯಾಲೆಂಡರಿನವರು ಒಪ್ಪಿದರು. ಮಗ ಆ ಕ್ಯಾಲೆಂಡರನ್ನು ಪಡಸಾಲೆಯಲ್ಲಿ ತೂಗುಹಾಕಿ, ಮರ ಹತ್ತಿ ತಾನೇ ಹಕ್ಕಿ ಕೂರಿಸಿದವನಂತೆ ಬಂದವರಿಗೆಲ್ಲ ತೋರಿಸಿದ. ಮಾರುವ ಮಾತು ಮತ್ತೆ ಎತ್ತಲಿಲ್ಲ.

ಲೆನ್ಸ್ ಇನ್ನೂ ಅದೇ. ಚಟ ಮಾತ್ರ ನನಗೂ ಹತ್ತಿದೆ: ಹಕ್ಕಿ ಕಂಡರೆ ಮೊದಲು ಅದರ ಹಿಂದೇನಿದೆ ಎಂದು ನೋಡುತ್ತೇನೆ. ಈ ಭಾನುವಾರವೂ ಗುಂಜಿಗೆ ಹೊರಟಿದ್ದೇವೆ. ಮೊಣಕಾಲು ಬೇಡ ಅನ್ನುತ್ತದೆ. ಅದನ್ನು ಕೇಳಿದವರು ಯಾರು?