ಸೀರೆ ಕೊಟ್ಟು ಮನೆ ಪಡೆಯುವ ನ್ಯಾಯ

ಗೆದ್ದೆವು ಓದುಗರೇ, ಗೆದ್ದೆವು! ನಮ್ಮ ಮನೆಯಲ್ಲಿ ನನ್ನ ಮಗಳು ಶಾಂತಾಳಿಗೂ ಸಮಪಾಲು. ಗೆಲ್ಲಿಸಿದವಳು ಹಿರಿಯ ಮಗ ಬಸವರಾಜನ ಮಗಳು, ನನ್ನ ಮೊಮ್ಮಗಳು ಅಶ್ವಿನಿ. ಲಾ ಓದುತ್ತಾಳೆ. (ಕರಿ ಕೋಟು ಇನ್ನೂ ಹೊಲಿಸಿಲ್ಲ, ಕೇಸು ಆಗಲೇ ಗೆದ್ದಳು!)

ಯಜಮಾನರು ರೈಲ್ವೆಯಲ್ಲಿ ದುಡಿದು ತೆಲುಗು ನಾಡಿನ ಮಲ್ಕಾಜ್‌ಗಿರಿಯಲ್ಲಿ ಕಟ್ಟಿಸಿದ ಮನೆ ಇದು. ಅವರು ಹೋದ ಮೇಲೆ ಕಾನೂನಿನ ಪ್ರಕಾರ ನನಗೆ, ಇಬ್ಬರು ಗಂಡುಮಕ್ಕಳಿಗೆ, ಮಗಳಿಗೆ ಸಮ ಸಮ. ಆದರೆ ನಮ್ಮ ಕಡೆಯ ಪದ್ಧತಿ ಗೊತ್ತಲ್ಲ? ಅಕ್ಕತಂಗಿಯರಿಗೆ ಉಡಿ ತುಂಬಿ, ಇಳಕಲ್ ಸೀರೆ ಕೊಟ್ಟು, 'ಹಕ್ಕು ಬಿಟ್ಟೆ' ಎಂದು ಸಹಿ ಹಾಕಿಸಿಕೊಳ್ಳುವುದು. ಕಾನೂನು ಮುರಿಯಲೂ ಇಲ್ಲ, ಮಗಳಿಗೆ ಏನೂ ಸಿಗಲೂ ಇಲ್ಲ!

ಭಾನುವಾರ ಗಂಡುಮಕ್ಕಳು ಸೀರೆ, ಕಾಗದ ಎರಡನ್ನೂ ಶಾಂತಾಳ ಮುಂದಿಟ್ಟರು. ಅವಳು ಪೆನ್ನು ಹಿಡಿದೇಬಿಟ್ಟಳು.

"ಜಗಳ ಯಾಕವ್ವಾ? ನಾಳೆ ಇವರು ಮಾತು ಬಿಟ್ರ ನನಗ ತವರುಮನಿ ಎಲ್ಲೈತಿ?"

ಎಂಥ ಮಾತು! ಹೆದರಿ ಹಾಕುವ ಸಹಿ ಸ್ವಂತ ಇಷ್ಟ ಆಗುತ್ತದೆಯೇ?

ಅಶ್ವಿನಿ ಎದ್ದು ಬಂದಳು. "ಕಾಕಾ, ಈ ವ್ಯವಹಾರ ನ್ಯಾಯದ್ದೇನ್ರಿ?"

"ಮತ್ತ? ಭಾಳ ಚಲೋ ಸೀರಿ, ಕಿಮ್ಮತ್ತಿಂದು," ಎಂದ ಕಿರಿಯ ಮಗ ಸಂಗಣ್ಣ.

"ಹಂಗಾರ ಅದಲಿ ಬದಲಿ ಮಾಡ್ರಿ. ಸೀರಿ ನೀವು ಉಟ್ಕೊರಿ, ಮನಿ ಶಾಂತಾ ಅತ್ತಿಗೆ ಬಿಡ್ರಿ."

ನನಗೆ ನಗು ತಡೆಯಲಾಗಲಿಲ್ಲ. ಬಸವರಾಜ ರೇಗಿದ: "ಹುಚ್ಚಿ, ನಾಳೆ ನಿನಗ ಬರೂದೇ ಕಡಿಮಿ ಆಗ್ತೈತಿ!"

"ಆಗ್ಲಿ ಬಿಡ್ರಿ ಅಪ್ಪಾ. ಯಾವ ಕಡೆ ನಿಂತ್ರೂ ಒಪ್ಪೂವಂಗ ಇದ್ರ ಅದು ನ್ಯಾಯ. ಅತ್ತಿ ಜಾಗಾದಾಗ ನಿಂದ್ರಾಕ ನಿಮಗ ಮನಸಿಲ್ಲ. ಮತ್ತ ಆಕಿಗೆ ಹೆಂಗ ನ್ಯಾಯ ಆಗ್ತೈತಿ?"

ನಾನು ಓದಿದ್ದು ನಾಲ್ಕನೇ ಇಯತ್ತೆ. ಸಮಾನತೆ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆಯಂತೆ. ಅವುಗಳಲ್ಲಿ ಇದಕ್ಕಿಂತ ಹೆಚ್ಚೇನಿದ್ದೀತು? ಕಾಗದ ಎತ್ತಿಕೊಂಡೆ, ಹರಿದೆ.

"ಪಾಲಾದ್ರ ನಾಕೂ ಸಮ. ಇಲ್ಲಂದ್ರ ನನ್ನ ಸಹಿನೂ ಇಲ್ಲ. ಆಕಿ ಜೋಡಿ ಮಾತು ಬಿಡಾಂವ ನನ್ನ ಜೋಡೀನೂ ಬಿಡ್ಲಿ!"

ಕೊನೆಗೆ ಬಸವರಾಜನೇ "ಆತವ್ವಾ, ನಾಕೂ ಸಮ" ಎಂದ. ಸಂಗಣ್ಣ ಮುಖ ಊದಿಸಿಕೊಂಡೇ ತಲೆಯಾಡಿಸಿದ.

ಆ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ತವರಿಗೆ ಬಂದಾಗಲೆಲ್ಲ ಬೀಗರ ಹಾಗೆ "ಸಾಕು, ಸಾಕು" ಎನ್ನುತ್ತಿದ್ದ ಶಾಂತಾ, ತಟ್ಟೆ ಮುಂದೆ ಸರಿಸಿ, "ಏ ಸಂಗೂ, ಇನ್ನೊಂದು ರೊಟ್ಟಿ ಹಾಕೋ" ಎಂದಳು.

ನಿಮ್ಮ ಮನೆಯ ಮಗಳು ಹಾಗೆ ಕೇಳುತ್ತಾಳೆಯೇ?